ದಡಾರದ ಕಾಲಂ

ಕೆಲಸಕ್ಕೆ ಸೇರಿದ ದಿನ ಗುಬ್ಬಿಯಲ್ಲಿ ಜಡಿಮಳೆ ಸುರಿಯುತ್ತಿತ್ತು ಎಂದು ಬರೆದು ಹೊಡೆದುಹಾಕಿದೆ. ಮಳೆ ಬಂದ ನೆನಪು ನನಗಿಲ್ಲ. ಇಂಥ ಬರಹ ಹಾಗೆ ಶುರುವಾದರೆ ಚೆನ್ನಾಗಿರುತ್ತದೆ ಎಂದು ಕೈ ತಾನಾಗಿ ಬರೆದುಬಿಟ್ಟಿತು. ಮೂವತ್ತು ಚಿಲ್ಲರೆ ವರ್ಷ ರಿಜಿಸ್ಟರ್ ಬರೆದ ಕೈ. ಖಾಲಿ ಜಾಗ ಕಂಡರೆ ತುಂಬುತ್ತದೆ. ನೇಮಕಾತಿ ಆದೇಶ ಹಿಡಿದು ಈಗಷ್ಟೇ ಉಪಕೇಂದ್ರಗಳಿಗೆ ಹೊರಟಿರುವ ಹುಡುಗಿಯರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆದರೆ ಈ ಕೈಯನ್ನು ಪೂರ್ತಿ ನಂಬಬೇಡಿ.

ನಾನು ಎ.ಎನ್.ಎಂ. ಆಗಿದ್ದವಳು. ಕಾಗದದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಊರವರ ಬಾಯಲ್ಲಿ ಸಿಸ್ಟರು, ಮುದುಕಿಯರಿಗೆ ನರ್ಸಮ್ಮ. ಹಾಗಲವಾಡಿ ಕಡೆಯ ಐದು ಹಳ್ಳಿ ನನಗೆ ಸೇರಿದ್ದವು. ಹೆರಿಗೆ, ಬಸುರಿಯರ ತಪಾಸಣೆ, ಮಕ್ಕಳ ಚುಚ್ಚುಮದ್ದು ಇವು ನನ್ನ ಕೆಲಸ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬಂದ ಮೇಲೆ ಗೊತ್ತಾಯಿತು, ಮೇಲಿನವರು ಕೇಳುವ ಕೆಲಸ ಒಂದೇ. ಎರಡು ಮಕ್ಕಳಾದ ಹೆಂಗಸನ್ನು ಒಪ್ಪಿಸಿ, ಕ್ಯಾಂಪಿಗೆ ಕರೆತಂದು, ಮತ್ತೆ ಮಕ್ಕಳಾಗದಂತೆ ಆಪರೇಷನ್ ಮಾಡಿಸುವುದು. ಅಂಥವಳಿಗೆ ನಮ್ಮ ಮಾತಿನಲ್ಲಿ ‘ಕೇಸು’ ಎಂದು ಹೆಸರು. ವರ್ಷಕ್ಕೆ ಇಷ್ಟು ಕೇಸು ಎಂದು ಗುರಿ ಬರುತ್ತಿತ್ತು. ಮಾರ್ಚ್ ಮುಗಿಯುವುದರೊಳಗೆ ಅದನ್ನು ಮುಟ್ಟಬೇಕು.

ಮುಟ್ಟದವರನ್ನು ಗುಬ್ಬಿಯ ತಿಂಗಳ ಮೀಟಿಂಗಿನಲ್ಲಿ ಎಲ್ಲರ ಎದುರು ನಿಲ್ಲಿಸುತ್ತಿದ್ದರು. ನಮ್ಮ ಮೇಲ್ವಿಚಾರಕಿ ವಿಶಾಲಾಕ್ಷಮ್ಮ ಮೇಡಂ ಕೆಟ್ಟವರಲ್ಲ, ಅವರನ್ನೂ ಮೇಲೊಬ್ಬರು ಎಲ್ಲೋ ನಿಲ್ಲಿಸುತ್ತಿದ್ದರು. ಆದರೆ ಅವರ ನಾಲಿಗೆ ಹರಿತ. "ಏನ್ರೀ ಸರೋಜ, ನಿಮ್ ಹಳ್ಳೀಲಿ ಮಕ್ಕಳು ಹುಟ್ಟೋದು ನಿಮಗೆ ಗೊತ್ತಾಗುತ್ತೆ, ನಿಲ್ಲಿಸೋದು ಮಾತ್ರ ಗೊತ್ತಾಗಲ್ವಾ?" ಎಂದು ಒಮ್ಮೆ ಕೇಳಿದರು. ಕೂತವರೆಲ್ಲ ನಕ್ಕರು. ಬೇರೆಯವರು ನಿಂತಾಗ ನಾನೂ ನಕ್ಕಿದ್ದೇನೆ.

ಆಗ ಮೇಷ್ಟ್ರುಗಳಿಗೂ ಗ್ರಾಮ ಲೆಕ್ಕಿಗರಿಗೂ ಗುರಿ ಇತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಒಂದು ಸಲ ಕ್ಯಾಂಪಿನ ದಿನ ಒಬ್ಬಳು ಹೆಂಗಸು ಯಾರ ಕೇಸು ಎಂದು ನನಗೂ ಒಬ್ಬ ಮೇಷ್ಟ್ರಿಗೂ ಆಸ್ಪತ್ರೆ ಬಾಗಿಲಲ್ಲೇ ಜಗಳವಾಯಿತು. ಮನೆಗೆ ಮೊದಲು ಹೋಗಿದ್ದು ನಾನು ಎಂದು ನಾನು, ಗಂಡನನ್ನು ಒಪ್ಪಿಸಿದ್ದು ನಾನು ಎಂದು ಅವರು. ಕೊನೆಗೆ ಡಾಕ್ಟರು ಹೊರಗೆ ಬಂದು, ಹೊಟ್ಟೆ ಅವಳದು, ಅವಳನ್ನೇ ಕೇಳಿ ಎಂದರು. ಕೇಳಿದೆವು. ಅವಳು ಏನು ಹೇಳಿದಳೋ ನೆನಪಿಲ್ಲ. ಜಗಳದ ಒಂದೊಂದು ಮಾತೂ ನೆನಪಿದೆ, ಅವಳ ಮುಖವಿಲ್ಲ.

ತುಮಕೂರಿನಲ್ಲಿ ನಡೆದ ಒಂದು ತರಬೇತಿಯಲ್ಲಿ ಹೊರಗಿನಿಂದ ಬಂದ ಅಧಿಕಾರಿಯೊಬ್ಬರು ಪರದೆಯ ಮೇಲೆ ಒಂದು ಪುಟ್ಟ ದ್ವೀಪದ ಚಿತ್ರ ತೋರಿಸಿದರು. ಸುತ್ತ ಸಮುದ್ರ, ನಡುವೆ ಅಂಗೈಯಷ್ಟು ನೆಲ, ತೆಂಗಿನ ಮರ. ಇಂಥ ಬಡ ದ್ವೀಪ ದೇಶಗಳಲ್ಲಿ ನೆಲ ಬೆಳೆಯುವುದಿಲ್ಲ, ಜನ ಬೆಳೆಯುತ್ತಾರೆ. ಕುಡಿಯುವ ನೀರು, ಆಸ್ಪತ್ರೆ, ಹೂಳುವ ಜಾಗ ಎಲ್ಲಕ್ಕೂ ಒತ್ತಡ. ನಿಮ್ಮ ನಿಮ್ಮ ಉಪಕೇಂದ್ರವೂ ಒಂದು ದ್ವೀಪ ಎಂದು ತಿಳಿದು ಕೆಲಸ ಮಾಡಿ ಎಂದರು. ನಾನು ಪುಸ್ತಕದಲ್ಲಿ ನನ್ನ ಐದು ಹಳ್ಳಿಗಳನ್ನು ಬರೆದು ಸುತ್ತ ನೀರಿನ ಗೆರೆ ಎಳೆದೆ. ಬಹಳ ಸರಿ ಎನಿಸಿತು. ಆ ದ್ವೀಪಗಳಲ್ಲಿ ಹೆರುವ ಹೆಂಗಸರು ಏನು ಹೇಳುತ್ತಾರೆ, ಅಲ್ಲಿ ನನ್ನಂಥವಳೊಬ್ಬಳು ಮನೆ ಮನೆ ತಿರುಗುತ್ತಾಳೆಯೇ ಎಂದು ಕೇಳಬೇಕೆಂದು ಆಗ ಹೊಳೆಯಲಿಲ್ಲ. ಎತ್ತರದಿಂದ ತೆಗೆದ ಚಿತ್ರದಲ್ಲಿ ಹೆಂಗಸರು ಕಾಣುವುದಿಲ್ಲ.

ಈಗ ಸಿದ್ದಗಂಗಮ್ಮನ ವಿಷಯ. ಹೆಸರು ಬದಲಾಯಿಸಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಇಪ್ಪತ್ತೆರಡು ವರ್ಷದ ಹೆಂಗಸು. ಗಂಡ ಶಿವಣ್ಣ, ಸ್ವಲ್ಪ ತೆಂಗಿನ ತೋಟ, ರಾಗಿ ಹೊಲ. ಮೊದಲನೆಯದು ಹೆಣ್ಣು, ಪವಿತ್ರ. ಎರಡನೆಯದು ಗಂಡು. ಅವನ ಹೆಸರನ್ನು ಬದಲಾಯಿಸಿಯೂ ಬರೆಯಲಾರೆ. ಅತ್ತೆಗೆ ಇನ್ನೊಂದೆರಡು ಮೊಮ್ಮಕ್ಕಳು ಬೇಕಿತ್ತು. ನಾನು ಮೂರು ಸಲ ಹೋಗಿ ಸಿದ್ದಗಂಗಮ್ಮನನ್ನು ಒಪ್ಪಿಸಿದೆ. ಹೀಗೆಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ಆ ಮಾರ್ಚಿನಲ್ಲಿ ನನಗೆ ಒಂದು ಕೇಸು ಕಡಿಮೆ ಇತ್ತು. ತಿಂಗಳ ಕೊನೆಯ ವಾರ ಕ್ಯಾಂಪು. ಆದರೆ ನಮ್ಮ ಡಾಕ್ಟರದ್ದೊಂದು ಹಟ. ಕಿರಿ ಮಗುವಿಗೆ ದಡಾರದ ಚುಚ್ಚುಮದ್ದು ಆಗಿರಲೇಬೇಕು, ಕಾರ್ಡು ನೋಡದೆ ತಾಯಿಯನ್ನು ಟೇಬಲ್ಲಿಗೆ ಹತ್ತಿಸುತ್ತಿರಲಿಲ್ಲ. "ಇರೋ ಮಗು ಉಳಿಯುತ್ತೆ ಅಂತ ಇಷ್ಟಾದರೂ ಖಾತ್ರಿ ಇಲ್ಲದೆ ನಾನು ಕತ್ತರಿ ಹಿಡಿಯಲ್ಲ ಸಿಸ್ಟರ್" ಎನ್ನುತ್ತಿದ್ದರು. ದಡಾರದ ಚುಚ್ಚುಮದ್ದು ಹಾಕುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಸಿದ್ದಗಂಗಮ್ಮನ ಮಗನಿಗೆ ಎಂಟು.

ಅವರ ಮನೆಯ ಜಗಲಿಯ ಮೇಲೆ ಕೂತು ಮಗುವಿನ ಕಾರ್ಡು ಇಸಿದುಕೊಂಡು ದಡಾರದ ಕಾಲಂನಲ್ಲಿ ಒಂದು ತಾರೀಖು ಬರೆದೆ. ಹುಟ್ಟಿದ ತಾರೀಖನ್ನೂ ಹಿಂದಕ್ಕೆ ತಿದ್ದಿದೆ. ಉಪಕೇಂದ್ರಕ್ಕೆ ಬಂದು ರಿಜಿಸ್ಟರಿನಲ್ಲೂ ಹಾಗೇ ಬರೆದೆ. ಡಾಕ್ಟರು ಎರಡನ್ನೂ ತಾಳೆ ನೋಡುವ ಮನುಷ್ಯ. ಒಂದೇ ತಿಂಗಳು, ತುಂಬಿದ ಕೂಡಲೇ ಸದ್ದಿಲ್ಲದೆ ಹಾಕಿಬಿಟ್ಟರಾಯಿತು ಎಂದುಕೊಂಡಿದ್ದೆ. ಅದರಲ್ಲಿ ಸುಳ್ಳಿಲ್ಲ, ನಿಜವಾಗಿ ಹಾಗೇ ಅಂದುಕೊಂಡಿದ್ದೆ.

ಆಪರೇಷನ್ ಚೆನ್ನಾಗಿ ಆಯಿತು. ಸಿದ್ದಗಂಗಮ್ಮ ಹೊಲಿಗೆ ಬಿಚ್ಚಿಸಿಕೊಂಡು ನಗುತ್ತಾ ಹೋದಳು. ಏಪ್ರಿಲ್ ಮೀಟಿಂಗಿನಲ್ಲಿ ನಾನು ಕೂತೇ ಇದ್ದೆ.

ತಪ್ಪು ನಡೆದ ರೀತಿಯನ್ನು ಬಿಡಿಸಿ ಹೇಳುತ್ತೇನೆ. ಇದು ನಮ್ಮ ಕೆಲಸದವರು ಮಾತ್ರ ಮಾಡಬಲ್ಲ ತಪ್ಪು. ಪ್ರತಿ ತಿಂಗಳು ಚುಚ್ಚುಮದ್ದಿನ ದಿನಕ್ಕೆ ಮುಂಚೆ ರಿಜಿಸ್ಟರ್ ತೆಗೆದು, ಯಾವ ಮಗುವಿನ ಕಾಲಂ ಖಾಲಿ ಇದೆಯೋ ಆ ಹೆಸರುಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳುತ್ತಿದ್ದೆ. ಅದು ಡ್ಯೂ ಲಿಸ್ಟ್. ಅದನ್ನು ಹಿಡಿದು ಅಂಗನವಾಡಿಯಲ್ಲಿ ಕೂತು ಹೆಸರು ಕೂಗುವುದು, ಬಾರದವರ ಮನೆಗೆ ಹೋಗಿ ಕರೆಯುವುದು. ಸಿದ್ದಗಂಗಮ್ಮನ ಮಗನ ಕಾಲಂ ತುಂಬಿತ್ತು. ಏಪ್ರಿಲ್ ಕೊನೆಗೆ ಅವನಿಗೆ ಒಂಬತ್ತು ತಿಂಗಳಾದಾಗ ಲಿಸ್ಟಿನಲ್ಲಿ ಅವನ ಹೆಸರು ಬರಲಿಲ್ಲ. ನಾನೇ ಬರೆದ ಸುಳ್ಳನ್ನು ನಾನೇ ಓದಿ ನಂಬಿದೆ. ದಿನಕ್ಕೆ ನೂರು ಹೆಸರು ನೋಡುವವಳಿಗೆ ರಿಜಿಸ್ಟರೇ ನೆನಪು.

ಮೇ ತಿಂಗಳಲ್ಲಿ ಆ ಹಳ್ಳಿಯಲ್ಲಿ ದಡಾರ ಎದ್ದಿತು. ಊರವರಿಗೆ ಅದು ರೋಗವಲ್ಲ, ಅಮ್ಮ ಮನೆಗೆ ಬಂದಿದ್ದಾಳೆ ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಹೊರಗಿನವರು ಒಳಗೆ ಕಾಲಿಡಬಾರದು, ಮಗುವನ್ನು ಆಸ್ಪತ್ರೆಗೆ ಒಯ್ಯಬಾರದು. ಚುಚ್ಚುಮದ್ದಿನ ದಿನ ಹೋದಾಗ ಮೂರು ನಾಲ್ಕು ಬಾಗಿಲಿಗೆ ಬೇವು ಇತ್ತು. ಬೇವು ಸಿಕ್ಕಿಸಿದ್ದ ಬೇರೆ ಮನೆಗಳ ಬಾಗಿಲಲ್ಲಿ ನಿಂತು, ಮಗುವಿಗೆ ಉಸಿರಾಟ ಹೇಗಿದೆ, ಹಾಲು ಕುಡಿಯುತ್ತಿದೆಯಾ ಎಂದು ಕೇಳಿದೆ. ಸಿದ್ದಗಂಗಮ್ಮನ ಬಾಗಿಲಿಗೂ ಬೇವಿತ್ತು. ಪವಿತ್ರಳಿಗೆ ಬಂದಿರಬೇಕು, ಹುಡುಗನಿಗೆ ಚುಚ್ಚುಮದ್ದು ಆಗಿದೆಯಲ್ಲ ಎಂದುಕೊಂಡು ಮುಂದಕ್ಕೆ ನಡೆದೆ.

ನಾಲ್ಕು ದಿನಕ್ಕೆ ಮಗು ತೀರಿಕೊಂಡಿತು. ಗುಳ್ಳೆ ಇಳಿದ ಮೇಲೆ ಎದೆಗೆ ಕಫ ಕಟ್ಟಿ ಉಸಿರು ನಿಂತಿತಂತೆ. ಸುದ್ದಿ ಕೇಳಿದಾಗ ನಾನು ಉಪಕೇಂದ್ರದಲ್ಲಿ ಸಿರಿಂಜು ಕುದಿಸುತ್ತಿದ್ದೆ. ಆಗ, ಅಷ್ಟು ಹೊತ್ತಿಗೆ, ಆ ಕಾಲಂ ನೆನಪಾಯಿತು.

ಇದಕ್ಕೆ ನಾನು ಕಟ್ಟಿಕೊಂಡ ಕಾರಣಗಳೂ ನಿಮಗೆ ತಿಳಿಯಬೇಕು. ಬಹಳ ಕಾಲ, ಏಪ್ರಿಲ್‌ನಲ್ಲಿ ನಾನು ರಜೆ ಮೇಲಿದ್ದೆ, ಬೇರೆ ಸಿಸ್ಟರು ಬಂದಿದ್ದರು ಎಂದು ನೆನಪಿಟ್ಟುಕೊಂಡಿದ್ದೆ. ಸ್ಪಷ್ಟ ನೆನಪು. ನಮ್ಮಮ್ಮನಿಗೆ ಹುಷಾರಿರಲಿಲ್ಲ, ಬಸ್ಸಿನ ಕಿಟಕಿ ಪಕ್ಕ ಕೂತಿದ್ದೆ, ಎಲ್ಲ ಕಾಣುತ್ತಿತ್ತು. ನಿವೃತ್ತಿ ಕಾಗದಕ್ಕೆಂದು ಸೇವಾ ಪುಸ್ತಕ ತೆಗೆಸಿದಾಗ ನೋಡಿದರೆ ರಜೆ ಹಾಕಿದ್ದು ಜೂನ್‌ನಲ್ಲಿ. ಮಗು ಸತ್ತ ಮೇಲೆ. ಬಸ್ಸು, ಕಿಟಕಿ ನಿಜ. ತಿಂಗಳು ಮಾತ್ರ ನಾನು ಇಟ್ಟದ್ದು.

ಯಾರಿಗೂ ಹೇಳಲಿಲ್ಲ. ಡಾಕ್ಟರು ಸಾವಿನ ವರದಿ ಬರೆಯುವಾಗ ಕೇಳಿದರು, ಚುಚ್ಚುಮದ್ದು ಆಗಿತ್ತಲ್ಲವೇ? ರಿಜಿಸ್ಟರ್ ತೋರಿಸಿದೆ. ಅವರು ಬಹಳ ಹೊತ್ತು ಆ ಪುಟ ನೋಡಿದರು. ಲಸಿಕೆ ಕೆಟ್ಟಿದ್ದಿರಬಹುದು, ಐಸ್ ಡಬ್ಬದಲ್ಲಿ ಇನ್ನು ಮೇಲೆ ಐಸು ಜಾಸ್ತಿ ಹಾಕಿ ಎಂದರು. ಹಾಗಾಗಿ ಆ ಬೇಸಿಗೆ ನಮ್ಮ ಪಿಎಚ್‌ಸಿಯಲ್ಲಿ ಎಲ್ಲರೂ ಐಸಿನ ಬಗ್ಗೆ ತರಬೇತಿ ಪಡೆದೆವು.

ಮೂರು ತಿಂಗಳಾದ ಮೇಲೆ ಸಿದ್ದಗಂಗಮ್ಮ ಉಪಕೇಂದ್ರಕ್ಕೆ ಬಂದು ಕೇಳಿದಳು, ಮುಚ್ಚಿದ್ದನ್ನು ತೆಗೆಯಲು ಬರುತ್ತದಾ? ಅತ್ತೆ ಮಗನಿಗೆ ಇನ್ನೊಂದು ಮದುವೆಯ ಮಾತೆತ್ತಿದ್ದಳು. ಶಿವಣ್ಣ ಬೇಡ ಎನ್ನುತ್ತಿದ್ದ, ಆದರೆ ಅವನ ದನಿ ದಿನದಿನಕ್ಕೆ ತಗ್ಗುತ್ತಿತ್ತು. ನಾನೇ ಅವಳನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ನಾಲ್ಕು ಸಲ ಅಲೆದ ಮೇಲೆ ನಾಳ ಜೋಡಿಸುವ ಆಪರೇಷನ್ ಆಯಿತು. ಜೋಡಿಸಿದ್ದೇವೆ, ಕಾಯಬೇಕು ಎಂದರು. ಎಷ್ಟು ಒಳ್ಳೆಯ ಸಿಸ್ಟರು, ಯಾವ ಸಿಸ್ಟರು ಹೀಗೆ ಓಡಾಡುತ್ತಾರೆ ಎಂದು ಊರವರು ಹೊಗಳಿದರು. ನಾನು ಬೇಡ ಎನ್ನಲಿಲ್ಲ.

ಕಾದೆವು. ತಿಂಗಳಿಗೊಂದು ಸಲ ಹೋಗಿ, ಮುಟ್ಟಾಯಿತಾ ಎಂದು ಕೇಳುತ್ತಿದ್ದೆ. ಊರಿನ ಎಲ್ಲ ಹೆಂಗಸರನ್ನೂ ಕೇಳುವ ಪ್ರಶ್ನೆ ಅದು. ಬೇರೆಯವರು ‘ಆಯ್ತು’ ಎಂದರೆ ನನಗೆ ಸಮಾಧಾನ. ಇವಳು ಮಾತಾಡುತ್ತಿರಲಿಲ್ಲ. ಮುಟ್ಟಾಗಿದ್ದರೆ ಹಿತ್ತಿಲ ಬಾಗಿಲ ಹತ್ತಿರ ಕೂತಿರುತ್ತಿದ್ದಳು, ದೂರದಿಂದಲೇ ಗೊತ್ತಾಗುತ್ತಿತ್ತು. ಎರಡು ವರ್ಷದ ಹತ್ತಿರ ಹೀಗೇ ನಡೆಯಿತು. ಒಂದು ದಿನ ನನ್ನನ್ನು ಕಂಡು ಅತ್ತೆ ಹೇಳಿದಳು, "ಯಾಕ್ ಸುಮ್ಕೆ ಅಲೀತಿಯಾ ಬುಡು ನರ್ಸಮ್ಮ. ನೀನು ಮುಚ್ಚಿದ್ ಬಾಗ್ಲು, ನೀನೇ ಬಂದು ತಟ್ಟಿದ್ರೆ ತಗೀತದಾ?"

ಎರಡನೆಯ ಹೆಂಡತಿಯಾಗಿ ಬಂದವಳು ಸಿದ್ದಗಂಗಮ್ಮನ ತಂಗಿ ಮಂಜುಳ. ಹೊರಗಿನವಳು ಬಂದರೆ ಪವಿತ್ರಳ ಗತಿ ಏನು ಎಂದು ಸಿದ್ದಗಂಗಮ್ಮನೇ ತವರಿಗೆ ಹೋಗಿ ತಂಗಿಯನ್ನು ಒಪ್ಪಿಸಿ ಕರೆತಂದಳು. ಮನೆಯೊಳಗೇ ಸದ್ದಿಲ್ಲದೆ ತಾಳಿ ಕಟ್ಟಿದರು. ಕಾನೂನು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ, ಯಾವ ಮುಖದಲ್ಲಿ ಬಿಡಲಿ?

ಆಮೇಲೆ ರಿಜಿಸ್ಟರ್ ಬಂತು. ಅರ್ಹ ದಂಪತಿಗಳ ರಿಜಿಸ್ಟರ್ ಎಂದು ಒಂದಿದೆ, ಮಕ್ಕಳಾಗುವ ವಯಸ್ಸಿನ ಗಂಡ ಹೆಂಡಿರ ಹೆಸರು ಬರೆಯುವುದು. ಅದರಲ್ಲಿ ಶಿವಣ್ಣನ ಹೆಸರನ್ನು ಎರಡು ಸಾಲಿನಲ್ಲಿ ಬರೆಯಬೇಕಾಯಿತು. ಒಂದು ಸಾಲಿನಲ್ಲಿ ಹೆಂಡತಿಗೆ ‘ಆಪರೇಷನ್ ಆಗಿದೆ’. ಕೆಳಗಿನ ಸಾಲಿನಲ್ಲಿ ಹೆಂಡತಿಗೆ ‘ಗರ್ಭಿಣಿ’. ವಿಶಾಲಾಕ್ಷಮ್ಮ ಮೇಡಂ ನೋಡಿ, ಒಂದೇ ಹೆಸರು ಎರಡು ಸಲ ಬರೆದಿದ್ದೀರಿ, ಒಂದನ್ನು ಹೊಡೆದುಹಾಕಿ ಎಂದರು. ಯಾವುದನ್ನು ಎಂದು ಕೇಳಿದೆ. ಅವರಿಗೆ ಅರ್ಥವಾಯಿತು ಅಂತ ಕಾಣುತ್ತದೆ, ಕನ್ನಡಕ ತೆಗೆದು ಒರೆಸಿಕೊಂಡು ಬೇರೆ ಪುಟ ತಿರುವಿದರು. ಮಂಜುಳಗೆ ಎರಡು ಮಕ್ಕಳಾದ ಮೇಲೆ ಅವಳು ನನ್ನ ಕೇಸಾಗಬೇಕಿತ್ತು. ನಾನು ಕೇಳಲಿಲ್ಲ. ಆ ವರ್ಷ ಮತ್ತೆ ಮೀಟಿಂಗಿನಲ್ಲಿ ನಿಂತೆ. ನಿಂತು ಏನೋ ತೀರಿಸಿದೆ ಎಂದುಕೊಂಡೆ, ಏನೂ ತೀರಿರಲಿಲ್ಲ.

ಕುಣಿಗಲ್ ತಾಲ್ಲೂಕಿಗೆ ವರ್ಗ ಕೇಳಿಕೊಂಡು ಹೋದೆ. ಮಗಳ ಸ್ಕೂಲಿಗೆ ಅನುಕೂಲ ಎಂದು ಅರ್ಜಿಯಲ್ಲಿ ಬರೆದಿದ್ದೆ. ಅಲ್ಲಿದ್ದಾಗ ಗುರಿ ಎಂಬುದನ್ನು ತೆಗೆದುಹಾಕಿದರು. ಇನ್ನು ಮುಂದೆ ಜನರಿಗೆ ಏನು ಬೇಕು ಎಂದು ಕೇಳಿ ಕೆಲಸ ಮಾಡಿ ಎಂದರು. ನಾವು ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೇಳುವುದು ಹೇಗೆ ಎಂದು ನಮಗೆ ಬರುತ್ತಿರಲಿಲ್ಲ. ಗುರಿಗೆ ‘ನಿರೀಕ್ಷಿತ ಮಟ್ಟ’ ಎಂದು ಹೆಸರಾಯಿತು, ಮೀಟಿಂಗಿನಲ್ಲಿ ನಿಲ್ಲಿಸುವುದು ಮಾತ್ರ ನಿಂತಿತು. ಸಿರಿಂಜು ಕುದಿಸುವುದು ಹೋಯಿತು, ಕಾಪರ್-ಟಿ ಬದಲಾಯಿತು, ಗರ್ಭ ತಡೆಯುವ ಇಂಜೆಕ್ಷನ್ ಬಂತು, ಆಶಾ ಕಾರ್ಯಕರ್ತೆಯರು ಬಂದರು. ಗಂಡಸರ ಆಪರೇಷನ್ ಹೆಣ್ಣಿನದಕ್ಕಿಂತ ಸುಲಭ ಎಂದು ಆಗಲೂ ಹೇಳುತ್ತಿದ್ದೆವು, ಈಗಲೂ ಹೇಳುತ್ತೀರಿ. ಕೆಲಸದ ಅಷ್ಟೂ ವರ್ಷಗಳಲ್ಲಿ ನಾನು ಕರೆತಂದ ಗಂಡಸರನ್ನು ಎಣಿಸಲು ಒಂದು ಕೈ ಬೆರಳು ಸಾಕು. ಈಗ ನಿಮ್ಮ ಕೈಯಲ್ಲಿ ಟ್ಯಾಬ್ ಇದೆ, ಡ್ಯೂ ಲಿಸ್ಟನ್ನು ಅದೇ ತೆಗೆದುಕೊಡುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ನೀವು ಒತ್ತಿದ್ದು ಮಾತ್ರ.

ನಿವೃತ್ತಿಯಾಗಿ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿದ ಮೇಲೆ, ತರಬೇತಿ ಹುಡುಗಿಯರ ಮುಂದೆ ಮಾತಾಡಲು ಯಾರೋ ಕರೆದರು. ಊರು, ಹೆಸರು ಹೇಳದೆ ಈ ಕಥೆ ಹೇಳಿದೆ. ಮೊದಲ ಸಲ ಮುಗಿಸಲಾಗದೆ ಕೂತುಬಿಟ್ಟೆ. ಮೂರನೆಯ ಸಲ ಹೇಳುವಾಗ, ಎಲ್ಲಿ ನಿಲ್ಲಿಸಿದರೆ ಹುಡುಗಿಯರ ಕಣ್ಣು ತುಂಬುತ್ತದೆ ಎಂದು ನನಗೆ ಗೊತ್ತಾಗಿತ್ತು, ಅಲ್ಲೇ ನಿಲ್ಲಿಸಿದೆ. ಒಬ್ಬಳು ಅತ್ತಳು. ಬಂದು, ಮೇಡಂ ನೀವು ಎಷ್ಟು ಪ್ರಾಮಾಣಿಕರು ಎಂದು ಕೈ ಹಿಡಿದುಕೊಂಡಳು. ನಾಚಿಕೆಯಾಯಿತು. ಹೇಳಬೇಕಾದವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳುತ್ತಿದ್ದೆ.

ಮರುವಾರ ಗುಬ್ಬಿಗೆ ಬಸ್ಸು ಹತ್ತಿ, ಅಲ್ಲಿಂದ ಹಾಗಲವಾಡಿ ಬಸ್ಸು ಹಿಡಿದೆ.

ಅತ್ತೆ ಇಲ್ಲ. ಶಿವಣ್ಣನೂ ತೀರಿಕೊಂಡು ಎರಡು ವರ್ಷವಾಗಿತ್ತು. ಪವಿತ್ರ ಹೆಬ್ಬೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಮಂಜುಳ ಹಾಲಿನ ಡೈರಿಗೆ ಹೋಗಿದ್ದಳು. ಸಿದ್ದಗಂಗಮ್ಮ ಅಂಗಳದಲ್ಲಿ ಕೊಬ್ಬರಿ ಗಿಟಕು ಆರಿಸುತ್ತಾ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗೆ. ನನ್ನನ್ನು ತಕ್ಷಣ ಗುರುತಿಸಿ, ದಪ್ಪ ಆಗಿದ್ದೀರಿ, ಸರ್ಕಾರ ಪೆನ್ಷನ್ ಚೆನ್ನಾಗಿ ಕೊಡ್ತದೆ ಅಂತ ಕಾಣ್ತದೆ ಎಂದು ನಕ್ಕಳು. ಕಾಫಿ ಕೊಟ್ಟಳು. ಲೋಟ ಕೆಳಗಿಟ್ಟು ಹೇಳಿದೆ. ತುಮಕೂರಿಂದ ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಯಾವುದೂ ಬರಲಿಲ್ಲ.

"ಪಾಪೂಗೆ ದಡಾರದ ಇಂಜೆಕ್ಷನ್ ನಾನು ಹಾಕಿರಲಿಲ್ಲ ಸಿದ್ದಗಂಗಮ್ಮ. ಹಾಕಿದೀನಿ ಅಂತ ಬರೆದಿದ್ದೆ."

ಅವಳು ಕೈಯಲ್ಲಿದ್ದ ಗಿಟಕನ್ನು ರಾಶಿಗೆ ಹಾಕಿದಳು. "ಗೊತ್ತು ಸಿಸ್ಟರ್."

ಹೇಗೆ ಗೊತ್ತು ಎಂದೆ.

"ನನ್ ಮುಂದೇನೇ ಅಲ್ವಾ ಬರ್ದಿದ್ದು. ನಾನು ಏಳ್ನೇ ಕ್ಲಾಸ್ ಓದಿದೀನಿ. ಪೆನ್ನು ಬರೀಲಿಲ್ಲ, ನೀವು ಕೊಡವಿ ಕೊಡವಿ ಬರುದ್ರಿ. ಇಂಕು ಜಗಲಿ ಮ್ಯಾಲೆ ಚೆಲ್ತು, ನಾನೇ ಬಟ್ಟೇಲಿ ಒರಸ್ದೆ."

ಪೆನ್ನು, ಇಂಕು ನನಗೆ ನೆನಪೇ ಇಲ್ಲ. ಮತ್ತೆ ನಾನು, ನಿನ್ನನ್ನು ಒಪ್ಪಿಸಲೇಬೇಕು ಅಂತ ಮೂರು ಸಲ ಬಂದಿದ್ದೆ, ನನ್ನ ಗುರಿಗೋಸ್ಕರ ಎಂದೆ.

"ನೀವೆಲ್ಲಿ ಬಂದ್ರಿ? ಮೂರು ಸಲ ನಾನು ಬಂದಿದ್ದು, ನಿಮ್ ತಾವಕ್ಕೆ. ನಮ್ಮತ್ತೆ ತಿಪಟೂರಿಗೆ ಮಗಳ ಮನೇಗೆ ಹೋಗಿದ್ಲು, ಅವಳು ಬರೋದ್ರೊಳಗೆ ಮಾಡ್ಸಿಬಿಡಿ ಅಂತ ಕಾಲ್ ಹಿಡ್ಕಂಡಿದ್ದೆ. ಪಾಪೂಗೆ ಇನ್ನೂ ತಿಂಗ್ಳು ತುಂಬಿಲ್ಲ ಕಣೇ, ಮುಂದಿನ್ ಕ್ಯಾಂಪಿಗೆ ನೋಡನ ಅಂತ ನೀವೇ ಅಂದ್ರಿ. ಏನಾದ್ರೂ ಮಾಡಿ ಅಂತ ಕಾರ್ಡ್ ತಂದ್ಕೊಟ್ಟಿದ್ದು ನಾನು."

ಇದು ನಿಜವೋ, ನನ್ನ ಭಾರ ಇಳಿಸಲು ಅವಳು ಕಟ್ಟಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಬಸ್ಸಿನ ಕಿಟಕಿ ಪಕ್ಕ ಕೂತ ಹಾಗೆ ಅವಳೂ ಎಲ್ಲೋ ಕೂತಿರಬಹುದು. ತಿಂಗಳು ತುಂಬಿದ ಮೇಲೆ ಮಗುವನ್ನು ಯಾಕೆ ಕರೆತರಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

"ತಂದಿದ್ದೆ" ಎಂದಳು. "ಒಂಬತ್ತು ತುಂಬಿದ್ ಮ್ಯಾಲೆ ಅಂಗನವಾಡಿ ಬಾಗ್ಲು ತನ್ಕ ಎತ್ಕಂಡ್ ಬಂದಿದ್ದೆ. ನೀವು ಹೆಸರು ಕೂಗ್ತಿದ್ರಿ. ನಿಮ್ ಪಕ್ಕದಾಗೆ ಗುಬ್ಬಿಯಿಂದ ಬರೋ ಆ ದೊಡ್ಡ ಮೇಡಮ್ಮೋರು ಕೂತಿದ್ರು. ಹಾಕುಸ್ಕಂಡಿರೋ ಮಗೀನ ಮತ್ತೆ ಯಾಕ್ ತಂದೆ ಅಂತ ಕೇಳುದ್ರೆ, ಕಾರ್ಡ್ ನೋಡುದ್ರೆ, ನಿಮ್ ಕೆಲಸ ಹೋಗ್ತದೆ ಅಂತ ಭಯ ಆಯ್ತು. ಮುಂದಿನ್ ತಿಂಗ್ಳು ಅವ್ರಿಲ್ದಾಗ ಬರನ ಅಂತ ವಾಪಸ್ ಹೋದೆ."

ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ನಾನು, ತಪ್ಪು ಪೂರ್ತಿ ನನ್ನದೇ ಕಣಮ್ಮ, ಬರೆದವಳು ನಾನು, ಸರ್ಕಾರದ ಕೆಲಸದಲ್ಲಿದ್ದವಳು ನಾನು, ನಿನ್ನದು ಏನೂ ಇಲ್ಲ ಎಂದೆ. ಅದು ಸತ್ಯವೂ ಹೌದು. ಅವಳಿಗೆ ಸಮಾಧಾನವಾಗುತ್ತದೆ ಎಂದೂ ಎಣಿಸಿದ್ದೆ. ಅವಳು ಮೊದಲ ಸಲ ಮುಖ ಗಂಟಿಕ್ಕಿದಳು.

"ಅಂಗನ್ಬೇಡಿ ಸಿಸ್ಟರ್. ಎಲ್ಲಾ ನಿಮ್ದೇ ಅಂತ ಕಟ್ಕಂಡು ಬಸ್ ಹತ್ಬೇಡಿ. ನಾನು ಅವನ ತಾಯಿ. ನನ್ ಪಾಲು ನಂಗೆ ಇರ್ಲಿ."

ಕ್ಷಮೆ ಕೇಳಲು ಹೋಗಿದ್ದೆ, ಕೇಳಲಿಲ್ಲ. ಮಂಜುಳ ಬರುವವರೆಗೂ ಅವಳ ಜೊತೆ ಕೂತು ಗಿಟಕು ಆರಿಸಿದೆ. ಈಗ ಇದ್ದಿದ್ದರೆ ಅವನಿಗೆ ಎಷ್ಟು ವಯಸ್ಸಾಗುತ್ತಿತ್ತು ಎಂದು ಇಬ್ಬರೂ ಲೆಕ್ಕ ಹಾಕಿದೆವು. ನನ್ನ ಲೆಕ್ಕಕ್ಕೂ ಅವಳ ಲೆಕ್ಕಕ್ಕೂ ಒಂದು ವರ್ಷ ವ್ಯತ್ಯಾಸ ಬಂತು. ನಾನು ಅವಳದನ್ನೇ ಒಪ್ಪಿಕೊಂಡೆ.